ಜಪಾನಿ ಕಾರ್ಟೂನ್ ಸಿನಿಮಾಗಳ ‘18 ಸಿನಿಮಾ, 6 ಡಿಸ್ಕ್’ ಪೆಟ್ಟಿಗೆ ಕೊಳ್ಳುವ ಮುಂಚೆ ಇದನ್ನು ಓದಿ

ನಮ್ಮ ಅತ್ತೆ ಮನೆ ಸಾಗರದಿಂದ ಇನ್ನೂ ಒಳಗೆ. ಮಳೆ ಹಿಡಿದುಕೊಂಡಿತು ಅಂದರೆ ಮೊದಲು ನೆಟ್‌ವರ್ಕ್ ಹೋಗುತ್ತದೆ, ಆಮೇಲೆ ಕರೆಂಟ್. ಇನ್ವರ್ಟರ್ ಮೇಲೆ ಟಿವಿ ಮತ್ತು ಹಳೇ ಡಿವಿಡಿ ಪ್ಲೇಯರ್ ಎರಡೂ ನಡೆಯುತ್ತವೆ. ರಜೆಗೆ ಹೋದಾಗ ಮಕ್ಕಳಿಗೆ ಅದೇ ಆಧಾರ. ಹಾಗಾಗಿ ಈಗಲೂ ನಾನು ಡಿಸ್ಕ್ ಕೊಳ್ಳುತ್ತೇನೆ. ನೋಡಿದ ಮಕ್ಕಳ ಸಿನಿಮಾಗಳ ಬಗ್ಗೆ ನಾಲ್ಕು ಸಾಲು ಬರೆದು ಪರಿಚಯದ ಅಪ್ಪ ಅಮ್ಮಂದಿರಿಗೆ ಕಳಿಸುವ ಅಭ್ಯಾಸವೂ ಇದೆ. ಈ ಸಲ ತಪ್ಪು ಆಗಿದ್ದು ಆ ನಾಲ್ಕು ಸಾಲಿನಿಂದಲೇ.

ದಸರಾ ರಜೆಗೆ ಮುಂಚೆ ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಜಪಾನಿನ ಸ್ಟುಡಿಯೋ ಜಿಬ್ಲಿಯ 18 ಸಿನಿಮಾ, 6 ಡಿಸ್ಕ್, ಬೆಲೆ 2,499 ರೂಪಾಯಿ. ಕೆಳಗೆ ಸಾಲು ಸಾಲು ಐದು ಸ್ಟಾರ್. ‘ಇಂಥ ಸಿನಿಮಾ ಮತ್ತೆ ಬರಲ್ಲ’, ‘ಅಳು ಬಂತು’, ‘ನನ್ನ ಮಗ ಮೂರು ಸಲ ನೋಡಿದ’. ತಕ್ಷಣ ತರಿಸಿದೆ. ಬಂದ ದಿನ ರಾತ್ರಿ ಮೊದಲನೇ ಡಿಸ್ಕ್ ಹಾಕಿ, ‘ಮೈ ನೇಬರ್ ಟೊಟೊರೊ’ ಇಪ್ಪತ್ತು ನಿಮಿಷ ನೋಡಿದೆವು. ಏಳು ವರ್ಷದ ಮಗಳು ಕುಣಿದಳು. ಅದೇ ಖುಷಿಯಲ್ಲಿ ನಾನೂ ಐದು ಸ್ಟಾರ್ ಕೊಟ್ಟೆ. ಎಲ್ಲರಿಗೂ ಮೆಸೇಜ್ ಹಾಕಿದೆ: ‘18 ಸಿನಿಮಾನೂ ಚೆನ್ನಾಗಿದೆ, ಮಕ್ಕಳಿಗೆ ಕಣ್ಣು ಮುಚ್ಚಿಕೊಂಡು ಹಾಕಿ.’

ನಾನು ನೋಡಿದ್ದು ಇಪ್ಪತ್ತು ನಿಮಿಷ. ಬರೆದಿದ್ದು ಹದಿನೆಂಟು ಸಿನಿಮಾಗಳ ಬಗ್ಗೆ. ನನ್ನ ಮಾತು ನಂಬಿ ನಮ್ಮ ಅಪಾರ್ಟ್‌ಮೆಂಟಿನ ಇನ್ನೆರಡು ಮನೆಯವರು ಅದೇ ಪೆಟ್ಟಿಗೆ ತರಿಸಿದರು.

ಸಾಗರಕ್ಕೆ ಹೋದ ಮೂರನೇ ದಿನ ಜೋರು ಮಳೆ. ಟೊಟೊರೊ ಪೂರ್ತಿ ನೋಡೋಣ ಅಂತ ಕೂತೆವು. ಅದರಲ್ಲಿ ಬಸ್ ಸ್ಟಾಪಿನ ದೃಶ್ಯ ಬರುತ್ತದೆ. ಇಬ್ಬರು ಅಕ್ಕ ತಂಗಿ ಮಳೆಯಲ್ಲಿ ಅಪ್ಪನಿಗೆ ಕಾಯುತ್ತಾ ನಿಂತಿರುತ್ತಾರೆ, ಕೊಡೆ ಮೇಲೆ ಹನಿ ಟಪ್ ಟಪ್ ಬೀಳುತ್ತದೆ. ಆ ದೃಶ್ಯದ ಜೀವವೇ ಆ ಹನಿ. ನಮ್ಮ ಡಿಸ್ಕ್‌ನಲ್ಲಿ ಹನಿಯೇ ಇರಲಿಲ್ಲ. ಕತ್ತಲೆಯ ಜಾಗದಲ್ಲೆಲ್ಲ ಬೂದು ಬಣ್ಣದ ಚೌಕಗಳು ಅಲುಗಾಡುತ್ತಿದ್ದವು. ಹೊರಗೆ ಹಂಚಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು, ಒಳಗೆ ಪರದೆ ಮೇಲಿನ ಮಳೆ ಮಣ್ಣು ಕಲಸಿದ ಹಾಗಿತ್ತು.

ಇದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಜಾಗ, ಎರಡು ಪದರದ್ದರಲ್ಲಿ 8.5 ಜಿಬಿ. ಒಳ್ಳೆಯ ಕಂಪನಿ ಒಂದೂವರೆ ಗಂಟೆಯ ಒಂದೇ ಸಿನಿಮಾಕ್ಕೆ ಒಂದು ಇಡೀ ಡಿಸ್ಕ್ ಕೊಡುತ್ತದೆ. ಇವರು 4.7 ಜಿಬಿಯಲ್ಲಿ ಮೂರು ಸಿನಿಮಾ ತುರುಕಿದ್ದಾರೆ. ಅಷ್ಟು ಹಿಂಡಿದರೆ ಮೊದಲು ಕೆಡುವುದು ಮಳೆ, ಹೊಗೆ, ಹುಲ್ಲು, ಕತ್ತಲೆ. ಕೈಯಲ್ಲಿ ಬಿಡಿಸಿದ ಸಿನಿಮಾದಲ್ಲಿ ನೋಡಬೇಕಾದದ್ದು ಅದನ್ನೇ ಅಲ್ವಾ?

ಆಮೇಲೆ ಇಂಗ್ಲಿಷ್ ಡಬ್ಬಿಂಗ್ ಧ್ವನಿ ನಿಂತೇ ಹೋಯಿತು. ಜಪಾನಿ ಧ್ವನಿ ಇಟ್ಟು ಸಬ್‌ಟೈಟಲ್ ಹಾಕಿದೆ. ಮಗಳು ಈಗಷ್ಟೇ ಇಂಗ್ಲಿಷ್ ಕೂಡಿಸಿಕೊಂಡು ಓದುತ್ತಾಳೆ. ಸ್ವಲ್ಪ ಹೊತ್ತು ಓದಿ ಕೇಳಿದಳು, ‘ಅಮ್ಮಾ, ಪ್ಲಮ್ ಅಂದ್ರೆ ಯಾರು?’

ತಂಗಿಯ ಹೆಸರು ಮೇ. ಅಕ್ಕನ ಹೆಸರು ಸಟ್ಸುಕಿ. ಜಪಾನಿನ ಹಳೇ ಪಂಚಾಂಗದಲ್ಲಿ ಐದನೇ ತಿಂಗಳಿಗೆ ಸಟ್ಸುಕಿ ಅನ್ನುತ್ತಾರೆ. ಅಂದರೆ ಇಬ್ಬರದ್ದೂ ಒಂದೇ ತಿಂಗಳ ಹೆಸರು, ಒಂದು ಇಂಗ್ಲಿಷಿನದು, ಒಂದು ಜಪಾನಿನದು. ಚೀನೀ ಭಾಷೆಯಲ್ಲಿ ಆ ತಂಗಿಯ ಹೆಸರನ್ನು ಪ್ಲಮ್ ಹಣ್ಣಿನ ಅರ್ಥ ಬರುವ ಅಕ್ಷರದಲ್ಲಿ ಬರೆಯುತ್ತಾರೆ. ಈ ಡಿಸ್ಕ್ ಮಾಡಿದವರು ಚೀನೀ ಸಬ್‌ಟೈಟಲ್ ತೆಗೆದು ಹಾಗೇ ಇಂಗ್ಲಿಷಿಗೆ ತಿರುಗಿಸಿದ್ದಾರೆ ಅಂತ ಆಗ ಹೊಳೆಯಿತು. ತಂಗಿ ಕಾಣೆಯಾಗಿ ಅಕ್ಕ ಊರೆಲ್ಲ ಕೂಗಿ ಹುಡುಕುವಾಗ ಕಿವಿಗೆ ‘ಮೇ’ ಅಂತ ಕೇಳುತ್ತದೆ, ಕಣ್ಣಿಗೆ ‘ಪ್ಲಮ್’ ಅಂತ ಕಾಣುತ್ತದೆ. ಮಗಳು ಎದ್ದು ಅಡುಗೆಮನೆಗೆ, ಅಜ್ಜಿಯ ಹತ್ತಿರ ಹೋದಳು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರುತ್ತಿದ್ದೆ. ಮರುದಿನ ಗುಡ್ಡ ಹತ್ತಿ ನೆಟ್‌ವರ್ಕ್ ಸಿಕ್ಕ ಜಾಗದಲ್ಲಿ ಫೋನ್ ನೋಡಿದರೆ, ಬೆಂಗಳೂರಿನ ನಮ್ಮ ಮೇಲಿನ ಮನೆ ಅಕ್ಕನದು ಐದು ಮಿಸ್ಡ್ ಕಾಲ್.

ಅವರ ಮಗನಿಗೆ ಆರು ವರ್ಷ. ನಾನು ಬರೆದ ಧೈರ್ಯದ ಮೇಲೆ ಅವರು ಡಿಸ್ಕ್ ಹಾಕಿಕೊಟ್ಟು ಅಡುಗೆಗೆ ಹೋಗಿದ್ದಾರೆ. ಟೊಟೊರೊ ಮುಗಿದ ತಕ್ಷಣ ಅದೇ ಡಿಸ್ಕ್‌ನಲ್ಲಿ ಎರಡನೇ ಸಿನಿಮಾ ತಾನಾಗೇ ಶುರುವಾಗಿದೆ. ಅದು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವೆರಡೂ ಒಂದೇ ಸ್ಟುಡಿಯೋದವು. 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಜೋಡಿಯಾಗಿ ಬಿಡುಗಡೆಯಾದವು. ಟೊಟೊರೊ ಹಯಾವೊ ಮಿಯಾಜಾಕಿ ಅವರದು, ಇದು ಇಸಾವೊ ತಕಹಾಟ ಅವರದು. ಎರಡೂ ದೊಡ್ಡ ಕೃತಿಗಳೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎರಡನೆಯದು 1945ರ ಯುದ್ಧದ ಕತೆ. ಶುರುವಿನಲ್ಲೇ ಒಬ್ಬ ಹುಡುಗ ರೈಲ್ವೆ ಸ್ಟೇಷನ್ ಕಂಬಕ್ಕೆ ಒರಗಿ ಸಾಯುತ್ತಾನೆ. ಬಾಂಬಿನಲ್ಲಿ ಸುಟ್ಟ ತಾಯಿಯನ್ನು ತೋರಿಸುತ್ತಾರೆ. ಕೊನೆಗೆ ಅವನ ನಾಲ್ಕು ವರ್ಷದ ತಂಗಿ ಹೊಟ್ಟೆಗಿಲ್ಲದೆ ತೀರಿಕೊಳ್ಳುತ್ತಾಳೆ. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಮಾತ್ರ ಇಬ್ಬರು ಮಕ್ಕಳು, ಸುತ್ತ ಮಿಣುಕುಹುಳದ ಬೆಳಕು. ಯಾರು ನೋಡಿದರೂ ಮಕ್ಕಳ ಸಿನಿಮಾ ಅಂತಲೇ ತಿಳಿದುಕೊಳ್ಳಬೇಕು.

ಅಕ್ಕ ಅಡುಗೆಮನೆಯಿಂದ ಬರುವ ಹೊತ್ತಿಗೆ ಕತೆ ಹೆಚ್ಚುಕಡಿಮೆ ಮುಗಿದಿತ್ತಂತೆ. ಹುಡುಗ ಅಳುತ್ತಲೂ ಇರಲಿಲ್ಲ. ರಾತ್ರಿ ತಟ್ಟೆ ಮುಂದೆ ಕೂತು ಕೇಳಿದ್ದಾನೆ, ‘ಆ ಪುಟ್ಟಿಗೆ ಯಾರೂ ಯಾಕಮ್ಮ ಊಟ ಕೊಡ್ಲಿಲ್ಲ?’ ನಾಲ್ಕು ದಿನ ಅದೇ ಪ್ರಶ್ನೆ. ‘ನೀನು ಎಲ್ಲಾ ನೋಡಿದೀಯ ಅಂದ್ಕೊಂಡಿದ್ದೆ ಕಣೇ’ ಅಂದರು ಅಕ್ಕ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಂಗಳೂರಿಗೆ ಬಂದ ಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಡಿಸ್ಕ್‌ನ ಹಿಂಭಾಗವನ್ನು ಕಿಟಕಿ ಬೆಳಕಿಗೆ ಹಿಡಿದರೆ ನೇರಳೆ ಬಣ್ಣ ಹೊಡೆಯುತ್ತದೆ. ಫ್ಯಾಕ್ಟರಿಯಲ್ಲಿ ಅಚ್ಚೊತ್ತಿದ ಡಿವಿಡಿ ಬೆಳ್ಳಿ ಬಣ್ಣ, ಎರಡು ಪದರದ್ದಾದರೆ ಸ್ವಲ್ಪ ಬಂಗಾರದ ಛಾಯೆ. ನೇರಳೆ ಅಂದರೆ ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ್ದು. ಆರ್ಡರ್ ಬಂದ ಮೇಲೆ ಬರ್ನ್ ಮಾಡಿ ಕಳಿಸುವ ಅಸಲಿ ಕಂಪನಿಗಳೂ ಇವೆ, ಹಾಗಾಗಿ ಬಣ್ಣ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ನಡುವಿನ ತೂತಿನ ಸುತ್ತ ಇರುವ ಉಂಗುರವನ್ನೂ ನೋಡಿ. ಅಚ್ಚಿನ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಅಲ್ಲಿ ಐಎಫ್‌ಪಿಐ (IFPI) ಅಂತ ಶುರುವಾಗುವ, ಯಾವ ಫ್ಯಾಕ್ಟರಿಯದು ಅಂತ ತಿಳಿಸುವ ಸಣ್ಣ ಅಕ್ಷರದ ಕೋಡ್ ಇರುತ್ತದೆ. ನಮ್ಮದರಲ್ಲಿ ಏನೂ ಇಲ್ಲ.

ಪೆಟ್ಟಿಗೆ ಮೇಲೆ ಅಮೆರಿಕದ ಒಂದು ದೊಡ್ಡ ಕಂಪನಿಯ ಗುರುತು ಅಚ್ಚಾಗಿದೆ, ಪಕ್ಕದಲ್ಲೇ ‘ಆಲ್ ರೀಜನ್’ ಅಂತಿದೆ. ಡಿವಿಡಿ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ಹೇಳುವ ನಂಬರಿಗೆ ರೀಜನ್ ಅನ್ನುತ್ತಾರೆ. ಅಮೆರಿಕದ ಡಿವಿಡಿಗೆ ಸಾಮಾನ್ಯವಾಗಿ ರೀಜನ್ 1, ನಮ್ಮ ದೇಶದ್ದು ರೀಜನ್ 5. ಎಲ್ಲಾ ಕಡೆ ಓಡುತ್ತದೆ ಅಂತ ನಾನು ಖುಷಿಪಟ್ಟಿದ್ದೆ, ಅನುಮಾನ ಪಡಬೇಕಿತ್ತು. ಇನ್ನೊಂದು ವಿಷಯ. ಅಮೆರಿಕದಲ್ಲಿ ಆ ಯುದ್ಧದ ಸಿನಿಮಾದ ಹಕ್ಕು ಇದೇ ಸ್ಟುಡಿಯೋದ ಉಳಿದ ಸಿನಿಮಾಗಳ ಜೊತೆ ಇರಲಿಲ್ಲ, ಬೇರೆ ಕಂಪನಿಯ ಹತ್ತಿರ ಇತ್ತು. ಒಂದೇ ಕಂಪನಿಯ ಹೆಸರಲ್ಲಿ ಎಲ್ಲವೂ ಒಟ್ಟಿಗೆ ಸಿಗುತ್ತಿದೆ ಅನ್ನುವುದೇ ನಕಲಿಯ ಗುರುತಾಗಿತ್ತು.

ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಕಾಪಿರೈಟ್ ಕಾಯ್ದೆಯ 52ಎ ಸೆಕ್ಷನ್ ಪ್ರಕಾರ, ಇಲ್ಲಿ ಸಿನಿಮಾವನ್ನು ವಿಡಿಯೋ ಆಗಿ ಹೊರತರುವವರು ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ, ವಿಡಿಯೋ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ ಇಷ್ಟನ್ನೂ ಪೆಟ್ಟಿಗೆ ಮೇಲೂ ವಿಡಿಯೋ ಒಳಗೂ ತೋರಿಸಬೇಕು. ನಮ್ಮ ಪೆಟ್ಟಿಗೆಯಲ್ಲಿ ಒಂದೂ ಇಲ್ಲ. ಆ ಸರ್ಟಿಫಿಕೇಟ್ ಮಕ್ಕಳಿರುವ ಮನೆಗೆ ಬಹಳ ಮುಖ್ಯ. 2023ರ ತಿದ್ದುಪಡಿ ಆದ ಮೇಲೆ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದದ್ದು) ಅನ್ನುವುದನ್ನೇ ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ಅಂಥ ಒಂದು ಗುರುತು ಪೆಟ್ಟಿಗೆ ಮೇಲಿದ್ದಿದ್ದರೂ ಅಕ್ಕ ಆ ಡಿಸ್ಕ್ ಹಾಕುವ ಮುಂಚೆ ಒಮ್ಮೆ ನಿಂತು ನೋಡುತ್ತಿದ್ದರು.

ಮತ್ತೆ ಹೋಗಿ ಆ ಐದು ಸ್ಟಾರ್‌ಗಳನ್ನು ನಿಧಾನವಾಗಿ ಓದಿದೆ. ಯಾರೂ ಡಿಸ್ಕ್ ಬಗ್ಗೆ ಬರೆದಿಲ್ಲ, ಎಲ್ಲರೂ ಸಿನಿಮಾ ಬಗ್ಗೆ ಬರೆದಿದ್ದಾರೆ. ಒಬ್ಬರು ‘ಬ್ಲೂರೇ ಚಿತ್ರ ಕಣ್ಣಿಗೆ ಹಬ್ಬ’ ಅಂದಿದ್ದಾರೆ. ಬ್ಲೂರೇ ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಬರುವ ಬೇರೆ ಬಗೆಯ ಡಿಸ್ಕ್. ಇದು ಬ್ಲೂರೇ ಅಲ್ಲವೇ ಅಲ್ಲ! ಬೇರೆ ಬೇರೆ ಆವೃತ್ತಿಗಳ ಅಭಿಪ್ರಾಯವನ್ನೆಲ್ಲ ಒಂದೇ ಪುಟದಲ್ಲಿ ಸುರಿದಿದ್ದಾರೆ. ನಕಲಿ ಪೆಟ್ಟಿಗೆಗೆ ಅಸಲಿ ಡಿಸ್ಕ್‌ನ ಹೊಗಳಿಕೆ. ಆ ರಾಶಿಯಲ್ಲಿ ನನ್ನದೂ ಒಂದಿತ್ತು.

ದಯವಿಟ್ಟು ಡಿಸ್ಕ್ ಬಗ್ಗೆ ಬರೆಯುವವರು ಕೈಯಲ್ಲಿರುವ ಡಿಸ್ಕ್ ಬಗ್ಗೆಯೇ ಬರೆಯಿರಿ. ಪೂರ್ತಿ ಓಡಿಸಿ ನೋಡಿ. ಯಾವ ಭಾಷೆಯ ಧ್ವನಿ ಇದೆ, ಸಬ್‌ಟೈಟಲ್ ಸರಿ ಇದೆಯಾ, ಒಂದು ಮುಗಿದ ಮೇಲೆ ಇನ್ನೊಂದು ತಾನಾಗೇ ಶುರುವಾಗುತ್ತದಾ, ಎಷ್ಟು ವಯಸ್ಸಿನ ಮಗುವಿಗೆ ತೋರಿಸಿದಿರಿ ಅಂತ ಹೇಳಿ. ನೋಡದ ಸಿನಿಮಾಕ್ಕೆ ಮಾತು ಕೊಡಬೇಡಿ. ಕೊಳ್ಳುವವರು ಹಿಂಭಾಗದ ಫೋಟೋ ಕೇಳಿ. ಬಂದ ದಿನವೇ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿಕೊಳ್ಳಿ. ಬಿಲ್ ಎಸೆಯಬೇಡಿ.

ವಾಪಸ್ ಮಾಡಲು ಏಳು ದಿನ ಗಡುವು, ನಾನು ಕೇಳಿದಾಗ ಅದು ದಾಟಿತ್ತು. ಮಾರಿದವರು ಸೀಲ್ ಒಡೆದಿದೆ ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ ಮತ್ತು ಡಿಸ್ಕ್‌ಗಳ ಫೋಟೋ ಕೊಟ್ಟು ದೂರು ದಾಖಲಿಸಿದ ಮೇಲೆ ನನ್ನ ಹಣ ಬಂತು. ಅಕ್ಕನ ಹತ್ತಿರ ಬಿಲ್ ಇರಲಿಲ್ಲ. ಬಂದ ಹಣವನ್ನು ಅವರಿಗೆ ಕೊಡಲು ಹೋದೆ, ‘ದುಡ್ಡಿನ ಮಾತು ಬಿಡು, ಮೊದಲು ಬರೆದಿದ್ದನ್ನ ಸರಿ ಮಾಡು’ ಅಂದರು. ಹಳೆಯದನ್ನು ಅಳಿಸಿ, ಇಲ್ಲಿ ಹೇಳಿದ್ದನ್ನೇ ಚಿಕ್ಕದಾಗಿ ಒಂದು ಸ್ಟಾರ್ ಜೊತೆ ಹಾಕಿದ್ದೇನೆ.

ಆ ಪುಟ ಈಗಲೂ ಇದೆ. ನಿನ್ನೆ ನೋಡಿದೆ. ಅದೇ ಚಿತ್ರ, ಅದೇ ಮಿಣುಕುಹುಳ. ಈಗ 22 ಸಿನಿಮಾ ಅಂತಿದೆ, ಡಿಸ್ಕ್ ಮಾತ್ರ ಆರೇ, ಬೆಲೆ 1,999.