ಗುಜರಿ ಅಂಗಡಿಯ ಹಳೇ ಸೋಲಾರ್ ಪ್ಯಾನೆಲ್: ವರ್ಕ್‌ಶಾಪ್‌ಗೆ ಬಿಸಿಗಾಳಿ ಬೇಕಾದವರಿಗೆ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಬೆಂಗಳೂರಿನಲ್ಲಿ ಸಣ್ಣದೊಂದು ಮರಗೆಲಸದ ವರ್ಕ್‌ಶಾಪ್ ಇದ್ದು, ಚಳಿಗಾಲದಲ್ಲಿ ಅದನ್ನು ಬಿಸಿಲಿನಿಂದಲೇ ಬೆಚ್ಚಗೆ ಮಾಡಬೇಕು ಅಂತಿದ್ದರೆ ಹೊಸ ಪ್ಯಾನೆಲ್ ಕೊಳ್ಳಬೇಡಿ. ಗುಜರಿ ಅಂಗಡಿಗೆ ಹೋಗಿ ಹಳೇ ಸೋಲಾರ್ ವಾಟರ್ ಹೀಟರ್‌ನ ಪ್ಯಾನೆಲ್ ತನ್ನಿ. ಫ್ಲಾಟ್ ಪ್ಲೇಟ್ ಅಂತಾರಲ್ಲ, ಗಾಜು ಮುಚ್ಚಿದ ಚಪ್ಪಟೆ ಪೆಟ್ಟಿಗೆ, ಅದೇ. ಒಳಗಿನ ಪೈಪುಗಳು ಪೂರ್ತಿ ಕಟ್ಟಿಕೊಂಡು ಒಂದು ಹನಿ ನೀರು ಹೋಗದಿದ್ದರೂ ಪರವಾಗಿಲ್ಲ. ನಮಗೆ ಬೇಕಾಗಿರುವುದು ನೀರಲ್ಲ, ಗಾಳಿ.

ಬೆಂಗಳೂರಲ್ಲಿ ಹೀಟಿಂಗ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದು 1884ರ ಜನವರಿಯಲ್ಲಿ. ಈಗ ಡಿಸೆಂಬರ್, ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 15ರ ಆಸುಪಾಸು ಇರುತ್ತದೆ. ಮನುಷ್ಯರಿಗೆ ಒಂದು ಸ್ವೆಟರ್ ಸಾಕು. ಆದರೆ ಅಂಟಿಗೆ, ಪಾಲಿಶಿಗೆ, ಹಸಿ ಹಲಗೆಗೆ ಸ್ವೆಟರ್ ಹಾಕೋಕಾಗಲ್ಲ. ನನ್ನ ಶೆಡ್ ಇರುವುದು ಕೆಂಗೇರಿ ಕಡೆ, ಮೇಲೆ ಶೀಟು. ಬೆಳಗ್ಗೆ ಅಂಟು ಹಚ್ಚಿ ಕ್ಲ್ಯಾಂಪ್ ಹಾಕಿದರೆ ಬೇಗ ಹಿಡಿಯುವುದೇ ಇಲ್ಲ. ತೇವದ ದಿನ ಲ್ಯಾಕರ್ (ಥಿನ್ನರ್ ಬೆರೆಸಿ ಹೊಡೆಯುವ ಪಾಲಿಶ್) ಹೊಡೆದರೆ ಮೇಲೆ ಬೆಳ್ಳಗೆ ಮಂಜು ಕೂತ ಹಾಗೆ ಆಗುತ್ತದೆ. ಥಿನ್ನರ್ ಆವಿಯಾಗುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಇಳಿಯುತ್ತದೆ. ಪಾಲಿಶ್ ಕೆಲಸ ಮಾಡುವವರಿಗೆಲ್ಲ ಈ ತಲೆನೋವು ಗೊತ್ತು. ಕರೆಂಟ್ ಹೀಟರ್ ಇಡಬಹುದು, ಆದರೆ ಥಿನ್ನರ್ ವಾಸನೆ, ಮರದ ಹೊಟ್ಟು ಇರುವ ಕಡೆ ಕೆಂಪಗೆ ಕಾಯುವ ಕಾಯಿಲ್ ಇಡಲು ನನಗೆ ಧೈರ್ಯವಿಲ್ಲ.

ಇನ್ನು ಈ ಪ್ಯಾನೆಲ್‌ಗಳು ಗುಜರಿಗೆ ಯಾಕೆ ಇಷ್ಟು ಬರುತ್ತವೆ ಅನ್ನೋದು. ನಮ್ಮೂರಲ್ಲಿ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದ ಮೇಲೆ ತಾರಸಿಗೊಂದು ಬಂತು. ಆದರೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು, ಅದೂ ಗಡಸು ನೀರು. ಕಾಯಿಸಿದಾಗ ಅದರಲ್ಲಿರುವ ಸುಣ್ಣದಂಶ ಪೈಪಿನ ಒಳಗೆ ಪದರ ಪದರವಾಗಿ ಕೂರುತ್ತದೆ. ಒಳಗಿನ ತಾಮ್ರದ ಪೈಪು ಅರ್ಧ ಇಂಚು ಅಷ್ಟೇ. ಕೆಲವು ವರ್ಷಕ್ಕೆ ಉಪ್ಪು ಕಟ್ಟಿ ಮುಚ್ಚಿಹೋಗುತ್ತದೆ, ಮನೆಯವರು ಬೇಸತ್ತು ಗಾಜಿನ ಟ್ಯೂಬಿನ ಮಾಡೆಲ್ ಹಾಕಿಸಿಕೊಳ್ಳುತ್ತಾರೆ. ಕೆಟ್ಟಿರುವುದು ಪೈಪಿನ ಒಳಗು ಮಾತ್ರ ನೋಡಿ. ಗಾಜು, ಕಪ್ಪು ತಗಡು, ಅಲ್ಯೂಮಿನಿಯಂ ಪೆಟ್ಟಿಗೆ, ಶಾಖ ತಡೆಯುವ ಉಣ್ಣೆ (ಗ್ಲಾಸ್‌ವುಲ್, ರಾಕ್‌ವುಲ್ ಅಂತಾರಲ್ಲ, ಅದು) ಎಲ್ಲ ಹಾಗೇ ಇರುತ್ತವೆ. ನಮ್ಮ ಕೆಲಸಕ್ಕೆ ಬೇಕಾಗಿರುವುದು ಇವೇ.

ನಾನು ತಂದದ್ದು ನಾಯಂಡಹಳ್ಳಿ ಕಡೆಯ ಒಂದು ಗುಜರಿ ಅಂಗಡಿಯಿಂದ. ಯಜಮಾನರು ಒಳ್ಳೆಯವರು. "ಸಾರ್, ಇದು ಬ್ಲಾಕ್ ಆಗಿದೆ, ನೀರು ಹೋಗಲ್ಲ, ಸುಮ್ನೆ ದುಡ್ಡು ಹಾಕಬೇಡಿ" ಅಂತ ಅವರೇ ಹೇಳಿದರು. "ಗಾಳಿಗೆ ಯಜಮಾನ್ರೇ, ನೀರಿಗಲ್ಲ" ಅಂದಾಗ ಒಂದು ಕ್ಷಣ ನೋಡಿ, ಗಾಜು ಒಡೆಯದ ಪ್ಯಾನೆಲ್‌ಗಳನ್ನು ಹುಡುಗನ ಕೈಲಿ ಹೊರಗೆ ಇಡಿಸಿದರು. ಅವರು ಬೆಲೆ ಕಟ್ಟುವುದು ತಾಮ್ರದ ತೂಕಕ್ಕೆ. ಹಾಗಾಗಿ ಪೈಪು ತಾಮ್ರದ್ದು, ರೆಕ್ಕೆ (ಪೈಪಿಗೆ ಅಂಟಿದ ಕಪ್ಪು ತಗಡು) ಅಲ್ಯೂಮಿನಿಯಂದು ಇರುವ ಪ್ಯಾನೆಲ್ ಕೇಳಿ, ಅಗ್ಗಕ್ಕೆ ಸಿಗುತ್ತದೆ. ಬಿಸಿಗಾಳಿಗೆ ಪೂರ್ತಿ ತಾಮ್ರದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಇಂಥದ್ದೇ ಹಳೇ ಪ್ಯಾನೆಲ್ಲನ್ನು ಒಬ್ಬ ಸೋಲಾರ್ ಡೀಲರ್ ಎಕ್ಸ್‌ಚೇಂಜ್‌ನಲ್ಲಿ ಪುಡಿಗಾಸಿಗೆ ಕೇಳಿದ್ದು ನೋಡಿದ್ದೇನೆ. ನಿಮ್ಮ ಮನೆಯದನ್ನೇ ಕಳಚುತ್ತಿದ್ದರೆ ದಯವಿಟ್ಟು ಕೊಡಬೇಡಿ, ಇಟ್ಟುಕೊಳ್ಳಿ.

ಆರಿಸುವಾಗ ಪ್ಯಾನೆಲ್ಲನ್ನು ಒಂದು ಕಡೆಯಿಂದ ಎತ್ತಿ ನೋಡಿ. ಅಳತೆಗೆ ಮೀರಿ ಭಾರ ಅನಿಸಿದರೆ, ಮುಗ್ಗಲು ವಾಸನೆ ಬಂದರೆ ಒಳಗಿನ ಉಣ್ಣೆ ಮಳೆನೀರು ಕುಡಿದಿದೆ ಅಂತ ಅರ್ಥ, ಬಿಟ್ಟುಬಿಡಿ. ಗಾಜಿನ ಒಳಮೈಯಲ್ಲಿ ಮಬ್ಬು ಕಲೆ ಇದ್ದರೂ ಯೋಚಿಸಿ. ಕಪ್ಪು ತಗಡನ್ನು ಬಿಸಿಲಿಗೆ ಓರೆ ಹಿಡಿದು ನೋಡಿದಾಗ ಸ್ವಲ್ಪ ನೀಲಿ ಮಿಂಚು ಕಂಡರೆ ಒಳ್ಳೆಯ ಲೇಪ ಉಳಿದಿದೆ. ಈ ಲೇಪ ಬಿಸಿಲನ್ನು ಹೀರುತ್ತದೆ, ಹೀರಿದ ಶಾಖವನ್ನು ಹೊರಗೆ ಸೂಸುವುದು ಕಡಿಮೆ. ನಾವು ಕೈಯಾರೆ ಹಚ್ಚುವ ಕಪ್ಪು ಬಣ್ಣಕ್ಕೆ ಆ ಗುಣ ಇಲ್ಲ, ಅದಕ್ಕೇ ನಾನು ಹಳೇ ಪ್ಯಾನೆಲ್ಲಿಗೆ ಇಷ್ಟು ಒತ್ತು ಕೊಡುತ್ತಿರುವುದು. ಹಸಿರು, ಬಿಳಿ ಕಲೆ ಜಾಸ್ತಿ ಇದ್ದರೆ ಒಳಗೆ ಸೋರಿದೆ. ಇನ್ನೊಂದು ಮಾತು, ಆ ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಕತ್ತರಿಸಲು ಹೋದರೆ ಇಡೀ ಗಾಜು ಪುಡಿಪುಡಿ. ಇದ್ದ ಅಳತೆಗೇ ಕೆಲಸ ಮಾಡಿಕೊಳ್ಳಬೇಕು.

ಕಾಮಾಕ್ಷಿಪಾಳ್ಯದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಇದಕ್ಕೆ ಹೊಸ ರೂಪ ಕೊಡಿಸಿದೆ. ಅವರ ಕೆಲಸಕ್ಕೆ ಪೂರ್ತಿ ಅಂಕ. ಪ್ಯಾನೆಲ್ ಬೋರಲು ಹಾಕಿ ಹಿಂದಿನ ತಗಡು ಬಿಚ್ಚಿ, ಉಣ್ಣೆ ತೆಗೆದು, ಕಪ್ಪು ತಗಡಿನ ಬೆನ್ನಿಗೆ ಒಂದು ಇಂಚು ಜಾಗ ಬಿಟ್ಟು ಜಿಐ ಶೀಟ್ (ಸತು ಲೇಪದ ಕಬ್ಬಿಣದ ತಗಡು) ಕೂರಿಸಿದರು. ಗಾಳಿ ಓಡುವುದು ಆ ಒಂದು ಇಂಚಿನಲ್ಲಿ. ಗಾಜಿನ ಕಡೆಯಿಂದ ಓಡಿಸಿದರೆ ಗಾಜೇ ಬಿಸಿಯಾಗಿ ಶಾಖ ಆಚೆ ಹೋಗುತ್ತದೆ, ಬೆನ್ನಿನ ಕಡೆಯೇ ಸರಿ. ಶೀಟಿನ ಹಿಂದೆ ಉಣ್ಣೆ ವಾಪಸ್ ತುಂಬಿ, ಮೇಲೆ ಇನ್ನೊಂದು ಪದರ ಸೇರಿಸಿ ಮುಚ್ಚಿದ್ದಾಯಿತು. ಈ ಜಿಐ ಶೀಟ್ ಬಿಡಲೇಬೇಡಿ. ಅದಿಲ್ಲದಿದ್ದರೆ ಉಣ್ಣೆಯ ಸಣ್ಣ ಎಳೆಗಳು ಗಾಳಿ ಜೊತೆ ಬಂದು ನೀವು ಉಸಿರಾಡುವ ಜಾಗಕ್ಕೇ ಬೀಳುತ್ತವೆ. ಉಣ್ಣೆ ಬದಲು ಥರ್ಮೋಕೋಲ್ ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಳಿ ಓಡದೆ ನಿಂತಾಗ ಒಳಗೆ 100 ಡಿಗ್ರಿ ದಾಟುತ್ತದೆ, ಥರ್ಮೋಕೋಲ್ ಅದಕ್ಕೆ ಮೊದಲೇ ಕುಗ್ಗಿಹೋಗುತ್ತದೆ.

ಬೆನ್ನಿನಲ್ಲಿ ಕೆಳಗೊಂದು, ಮೇಲೊಂದು ತೂತು, ಎರಡಕ್ಕೂ ಪೈಪ್ ಸಿಕ್ಕಿಸಲು 4 ಇಂಚಿನ ಕಾಲರ್. ಕೆಳಗಿನದರಿಂದ ಶೆಡ್‌ನ ತಣ್ಣನೆ ಗಾಳಿ ಪ್ಯಾನೆಲ್ಲಿಗೆ, ಮೇಲಿನದರಿಂದ ಬಿಸಿಗಾಳಿ ವಾಪಸ್ ಶೆಡ್‌ಗೆ. ಮಧ್ಯದಲ್ಲಿ ಓರೆಯಾಗಿ ತಗಡಿನ ಪಟ್ಟಿಗಳು, ಇಲ್ಲದಿದ್ದರೆ ಗಾಳಿ ನೇರ ದಾರಿ ಹಿಡಿದು ಎರಡು ಅಂಚುಗಳನ್ನು ಮುಟ್ಟುವುದೇ ಇಲ್ಲ. ಪೈಪಿಗೆ ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಪೈಪ್ ಸಾಕು, ಪಿವಿಸಿ ಬೇಡ, ಬಿಸಿಗೆ ಮೆತ್ತಗಾಗುತ್ತದೆ.

ಗಾಳಿ ಊದುವ ಬ್ಲೋವರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯದ್ದು, 12 ವೋಲ್ಟ್. ಕರೆಂಟ್ ಕೊಡುವ ಒಂದು ಚಿಕ್ಕ ಸೋಲಾರ್ ಪ್ಲೇಟಿಗೆ ನೇರ ಜೋಡಿಸಿದ್ದೇನೆ, ಬ್ಯಾಟರಿ ಇಲ್ಲ, ಥರ್ಮೋಸ್ಟ್ಯಾಟ್ ಇಲ್ಲ. ಬಿಸಿಲು ಏರಿದರೆ ಜೋರಾಗಿ ತಿರುಗುತ್ತದೆ, ಮೋಡ ಬಂದರೆ ನಿಧಾನ, ಸಂಜೆ ತಾನೇ ನಿಲ್ಲುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಬ್ಲೋವರ್ ಕೆಳಗಿನ ತಣ್ಣನೆ ತುದಿಯಲ್ಲೇ ಇರಲಿ, ಬಿಸಿ ತುದಿಯಲ್ಲಿಟ್ಟರೆ ಬೇರಿಂಗ್ ಬಾಳುವುದಿಲ್ಲ. ಅದರ ಬಾಯಿಗೆ ಬಿಗಿ ನೇಯ್ಗೆಯ ಬಟ್ಟೆಯ ಫಿಲ್ಟರ್ ಕಟ್ಟಿ, ವಾರಕ್ಕೊಮ್ಮೆ ಕೊಡವಿ. ಮರದ ಹೊಟ್ಟು ಹೋಗಿ ಬಿಸಿ ತಗಡಿನ ಮೇಲೆ ಕೂರುವುದು ಒಳ್ಳೆಯದಲ್ಲ. ಹಾಗೇ ಕೆಳಗಿನ ತೂತಿಗೆ ಹಳೇ ಎಕ್ಸ್‌ರೇ ಫಿಲಂ ತುಂಡೊಂದನ್ನು ಮೇಲಂಚಿನಲ್ಲಷ್ಟೇ ಅಂಟಿಸಿ ಇಳಿಬಿಟ್ಟಿದ್ದೇನೆ. ಹಗಲು ಗಾಳಿಗೆ ತೆರೆದುಕೊಳ್ಳುತ್ತದೆ. ರಾತ್ರಿ ಪ್ಯಾನೆಲ್ ತಣ್ಣಗಾಗಿ ಗಾಳಿ ಉಲ್ಟಾ ಓಡಲು ನೋಡಿದಾಗ ಪಟ್ಟನೆ ಮುಚ್ಚಿಕೊಳ್ಳುತ್ತದೆ.

ನಿಲ್ಲಿಸುವ ಕೋನ ಮುಖ್ಯ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ನಮಗೆ ಬೇಕಿರುವುದು ಚಳಿಗಾಲದ ಶಾಖ, ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿ 30ರಿಂದ 35 ಡಿಗ್ರಿ ಓರೆ ಕೊಡಿ. ಬೆಳಗ್ಗೆಯೇ ಬಿಸಿ ಬೇಕಾದರೆ ಮುಖವನ್ನು ಸ್ವಲ್ಪ ಆಗ್ನೇಯಕ್ಕೆ ತಿರುಗಿಸಿ. ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಎಲ್ಲಿಗೆ ಬರುತ್ತದೆ ಅಂತ ಮೊದಲು ನೋಡಿಕೊಳ್ಳಿ, ಆಗ ನೆರಳು ಉದ್ದ.

ಈಗ ಮುಖ್ಯ ಪ್ರಶ್ನೆ, ಎಷ್ಟು ಬಿಸಿ? ಎರಡು ಚದರ ಮೀಟರಿನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 700 ವಾಟ್ ಆಸುಪಾಸು ಕೊಡುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 100 ಘನ ಮೀಟರ್ ಗಾಳಿ ಓಡಿಸಿದರೆ ಒಳಗೆ ಹೋದದ್ದಕ್ಕಿಂತ 20 ಡಿಗ್ರಿಯಷ್ಟು ಬಿಸಿಯಾಗಿ ಹೊರಗೆ ಬರುತ್ತದೆ. ಪೈಪಿನ ಬಾಯಿಗೆ ಕೈ ಹಿಡಿದರೆ ಹಿತವಾಗಿರುತ್ತದೆ. ಆದರೆ ಶೀಟಿನ ಮಾಡು, ಸೀಲಿಂಗ್ ಇಲ್ಲ ಅಂದರೆ ಆ ಬಿಸಿಯೆಲ್ಲ ಮೇಲಕ್ಕೆ ಹೋಗಿ ಶೀಟಿನಿಂದ ಆಚೆ ನಡೆಯುತ್ತದೆ. ಒಂದು ಪ್ಯಾನೆಲ್ಲಿನಿಂದ ಇಡೀ ಶೆಡ್ ಬೆಚ್ಚಗಾಗುತ್ತದೆ ಅಂತ ನಾನು ಹೇಳಲ್ಲ, ಆಗಲ್ಲ. ಕೆಲಸದ ಮೇಜಿನ ಸುತ್ತ ಚಳಿ ಮುರಿಯುತ್ತದೆ, ಅಷ್ಟು ಖಂಡಿತ.

ನಿಜವಾದ ಲಾಭ ಬೇರೆ ಕಡೆ ಇದೆ. ಆ ಪೈಪನ್ನು ಪ್ಲೈವುಡ್ ಕಪಾಟಿನೊಳಗೆ ಬಿಟ್ಟು, ಅಂಟು ಹಾಕಿದ ಚೌಕಟ್ಟು, ಹಲಗೆಗಳನ್ನು ಅದರಲ್ಲಿ ಇಡುತ್ತೇನೆ. 20 ಡಿಗ್ರಿ ಬಿಸಿ, 70 ಶೇಕಡಾ ತೇವ ಇರುವ ಗಾಳಿಯನ್ನು 40 ಡಿಗ್ರಿಗೆ ಏರಿಸಿದರೆ ಅದರ ತೇವದ ಮಟ್ಟ 22 ಶೇಕಡಾಕ್ಕೆ ಇಳಿಯುತ್ತದೆ. ನೀರು ತೆಗೆದಿಲ್ಲ, ಬಿಸಿ ಮಾಡಿದ್ದು ಅಷ್ಟೇ. ಅಂಥ ಗಾಳಿ ಹಲಗೆಯ ಹಸಿಯನ್ನು ಎಳೆದುಕೊಳ್ಳುತ್ತದೆ. ದಪ್ಪ ಹಲಗೆಯನ್ನು ಮಾತ್ರ ಮೊದಲ ದಿನವೇ ಬಾಯಿಗೆ ಹತ್ತಿರ ಇಡಬೇಡಿ, ತುದಿ ಸೀಳುತ್ತದೆ. ಹಸಿ ಪಾಲಿಶಿನ ಸಾಮಾನನ್ನೂ ಈ ಕಪಾಟಿನಲ್ಲಿ ಮುಚ್ಚಿಡಬೇಡಿ, ಥಿನ್ನರ್ ಆವಿ ತುಂಬಿಕೊಳ್ಳುತ್ತದೆ. ಲ್ಯಾಕರ್ ಹೊಡೆಯುವ ಮುಂಚೆ ಮರವನ್ನು ಇದರಲ್ಲಿ ಬೆಚ್ಚಗೆ ಮಾಡಿ, ಬಾಗಿಲು ಕಿಟಕಿ ತೆರೆದ ಜಾಗದಲ್ಲಿ ಹೊಡೆಯಿರಿ. ಬೆಳ್ಳಗಾಗುವ ಕಾಟ ನನಗೆ ಬಹಳ ಕಡಿಮೆಯಾಗಿದೆ.

ಮಳೆಗಾಲದಲ್ಲಿ ಇದನ್ನು ನಂಬಬೇಡಿ. ಜುಲೈ, ಆಗಸ್ಟ್‌ನ ಮೋಡಕ್ಕೆ ಬ್ಲೋವರ್ ಅಲ್ಲಾಡುವುದೂ ಇಲ್ಲ, ತೇವ ಜಾಸ್ತಿ ಇರುವಾಗಲೇ ಕೈ ಕೊಡುತ್ತದೆ ಅನ್ನೋದು ಇದರ ದೊಡ್ಡ ಕೊರತೆ. ಮಾರ್ಚ್, ಏಪ್ರಿಲ್‌ನಲ್ಲಿ ಮೇಲಿನ ಪೈಪನ್ನು ಒಳಗಿನಿಂದ ಕಳಚಿ ಹೊರಗೆ ತಿರುಗಿಸಿ. ಆಗ ಅದೇ ಪ್ಯಾನೆಲ್ ಶೆಡ್‌ನ ಸೆಕೆಗಾಳಿಯನ್ನು ಎಳೆದು ಆಚೆ ಹಾಕುತ್ತದೆ. ಎದುರು ಗೋಡೆಯಲ್ಲಿ ಕಿಟಕಿ ತೆರೆದಿರಬೇಕು, ಅಷ್ಟೇ.

ಖರ್ಚು? ಪ್ಯಾನೆಲ್, ಫ್ಯಾಬ್ರಿಕೇಶನ್, ಬ್ಲೋವರ್ ಎಲ್ಲ ಸೇರಿ ಹೊಸ ಪ್ಯಾನೆಲ್ ಒಂದರ ಬೆಲೆಯ ಒಳಗೇ ಮುಗಿಯಿತು. ಗುಜರಿ ಅಂಗಡಿಗೆ ಹೋದಾಗ ಪ್ಯಾನೆಲ್ ಜೊತೆ ಅದರ ಕಬ್ಬಿಣದ ಸ್ಟ್ಯಾಂಡನ್ನೂ ಕೇಳಿ. ಅದನ್ನು ಅವರು ಕಬ್ಬಿಣದ ರೇಟಿಗೇ ಕೊಡುತ್ತಾರೆ, ಹಿಂದಿನ ಕಾಲು ಸ್ವಲ್ಪ ಎತ್ತರಿಸಿಕೊಂಡರೆ ಸಾಕು.