ನೀಲಿ ಪರದೆ ಬಂತು ಅಂತ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಮನೆಯ ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂತ ರಿಪೇರಿಗೆ ಕೊಡಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ನಮ್ಮ ಮನೆಯಲ್ಲಿ ಅಮ್ಮನ ಫೋಟೋಗಳು, ತಂಗಿ ಓದಿಗೆ ಬರೆದಿಟ್ಟುಕೊಂಡಿದ್ದ ಫೈಲುಗಳು, ಅಪ್ಪ ಕೂತು ಸ್ಕ್ಯಾನ್ ಮಾಡಿದ್ದ ಕಾಗದಪತ್ರ ಎಲ್ಲವೂ ರಿಪೇರಿಯಲ್ಲೇ ಹೋದವು. ಕೆಟ್ಟಿದ್ದು ಏನು ಗೊತ್ತಾ? ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ ಮೇಲಿರುವ ಒಂದು ಪುಟ್ಟ ಬ್ಯಾಟರಿ.

ನಮ್ಮದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು. ಇತ್ತೀಚೆಗೆ ಮಾತ್ರ ಆನ್ ಮಾಡಿದ ತಕ್ಷಣ ಗಡಿಯಾರ ತಪ್ಪು ತೋರಿಸುತ್ತಿತ್ತು. ಇಂಟರ್ನೆಟ್ ಸಿಕ್ಕಿದ ಮೇಲೆ ತಾನೇ ಸರಿಹೋಗುತ್ತಿತ್ತು. ಎಲ್ಲರೂ ರಜೆಗೆ ಹೋಗುವಾಗ ಗೋಡೆಯ ಸ್ವಿಚ್ಚನ್ನೂ ಆರಿಸಿ ಹೋಗಿದ್ದೆವು. ವಾಪಸ್ ಬಂದು ಆನ್ ಮಾಡಿದರೆ ಫ್ಯಾನ್ ತಿರುಗಿತು, ಲೋಗೋ ಬಂತು, ವಿಂಡೋಸ್‌ನ ಚುಕ್ಕಿಗಳೂ ಸುತ್ತಿದವು. ಆಮೇಲೆ ನೀಲಿ ಪರದೆ. ಅದರಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಒಂದು ಸಾಲು. ರೀಸ್ಟಾರ್ಟ್ ಆದಮೇಲೂ ಅದೇ ಕಥೆ.

ರಿಪೇರಿಗೆ ಕೊಡುವಾಗ ಗಡಿಯಾರದ ವಿಷಯ ಹೇಳಿದೆ. ಒಳಗಿರುವ ಡೇಟಾ ನಮಗೆ ಬೇಕೇ ಬೇಕು ಅಂತಲೂ ಹೇಳಿದೆ. ಅವರು ಹೂಂ ಅಂದರು. ಆಮೇಲೆ ಫೋನ್ ಬಂತು. "ಸಾರ್, ಹಾರ್ಡ್ ಡಿಸ್ಕ್ ಡೆಡ್ ಆಗಿದೆ. ಹೊಸದು ಹಾಕಿಸ್ಬಿಡಿ." ನಾನು ಒಪ್ಪಲಿಲ್ಲ. ಆಗ ಮಾತು ಬದಲಾಯಿತು. "ವಿಂಡೋಸ್ 10 ನಿಂತೋಯ್ತಲ್ಲ ಸಾರ್, ಅದಕ್ಕೇ ಹೀಗೆ." ನೋಡ್ತೀನಿ ಅಂದರು, ಇಟ್ಟರು. ಮುಂದಿನ ಫೋನಿನಲ್ಲಿ "ರೆಡಿ ಆಗಿದೆ, ತಗೊಂಡೋಗಿ" ಅಂದರು.

ಮನೆಗೆ ತಂದು ಆನ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ. ಫೋನ್ ಮಾಡಿದೆ. "ಡಿ ಡ್ರೈವ್‌ನಲ್ಲಿ ಇದ್ದಿದ್ದೆಲ್ಲ ಹಾಗೇ ಇದೆ ಸಾರ್. ಸಿ ಫಾರ್ಮ್ಯಾಟ್ ಮಾಡ್ಲೇಬೇಕಿತ್ತು." ಡೆಡ್ ಆಗಿದೆ ಅಂದಿದ್ದ ಡಿಸ್ಕಿನ ಮೇಲೇ ಹೊಸ ವಿಂಡೋಸ್ ಓಡುತ್ತಿತ್ತು! ಅದನ್ನು ಕೇಳಿದ್ದಕ್ಕೆ "ಈಗ ಆನ್ ಆಗ್ತಿದೆ ತಾನೇ?" ಅನ್ನುವ ಉತ್ತರ. ಬಿಲ್ಲಿನಲ್ಲಿ 'ಓಎಸ್ ಇನ್‌ಸ್ಟಾಲೇಶನ್' ಅಂತ ಮಾತ್ರ ಬರೆದಿತ್ತು.

ಈ 'ಡಿ ಡ್ರೈವ್ ಸೇಫ್' ಅನ್ನುವ ಮಾತು ಎಷ್ಟು ಜನರನ್ನು ಮುಳುಗಿಸಿದೆಯೋ. ಸಾಮಾನ್ಯವಾಗಿ ಮನೆಮಂದಿ ಫೈಲ್ ಇಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳಲ್ಲಿ. ನೀವಾಗಿ ಬದಲಾಯಿಸದಿದ್ದರೆ ಇವೆಲ್ಲ ಇರುವುದು ಸಿ ಡ್ರೈವ್‌ನಲ್ಲೇ. ನಮ್ಮ ಸಿ ಡ್ರೈವ್ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಡಿಸ್ಕ್) ಆಗಿದ್ದು ಇನ್ನೂ ಕೆಟ್ಟದಾಯಿತು. ಹಳೆ ಕಾಲದ ತಿರುಗುವ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಫೈಲುಗಳ ಪಟ್ಟಿ ಮಾತ್ರ. ಅದರ ಮೇಲೆ ಬೇರೇನೂ ಬರೆಯದಿದ್ದರೆ ಎಷ್ಟೋ ಫೈಲ್ ವಾಪಸ್ ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಫಾರ್ಮ್ಯಾಟ್ ಆದಾಗ ವಿಂಡೋಸ್ 'ಈ ಜಾಗ ಇನ್ನು ಬೇಡ' ಅಂತ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ತನ್ನ ಪಾಡಿಗೆ ಒರೆಸಿಬಿಡುತ್ತದೆ. ರಿಕವರಿ ಸಾಫ್ಟ್‌ವೇರ್ ಓಡಿಸಿ ನೋಡಿದೆವು. ಫೈಲುಗಳ ಹೆಸರು ಕೆಲವು ಸಿಕ್ಕವು. ಒಳಗೆ ಏನೂ ಇರಲಿಲ್ಲ.

ನಿಜವಾದ ಕಾರಣ ಹೊರಬಿದ್ದಿದ್ದು ಭಾವ ಬಂದಾಗ. ಹೊಸ ವಿಂಡೋಸ್‌ನಲ್ಲೂ ಬ್ರೌಸರ್ ಕೆಲವು ಸೈಟ್ ತೆರೆಯಲು ಒಪ್ಪುತ್ತಿರಲಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತಿತ್ತು. ಭಾವ ಅದನ್ನು ಕೇಳಿದ್ದೇ ತಡ, ರೀಸ್ಟಾರ್ಟ್ ಮಾಡಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋದರು. ಅಲ್ಲಿ ತಾರೀಕು ವರ್ಷಗಳ ಹಿಂದಿನ ಜನವರಿ 1. "ಸಿಮೋಸ್ ಬ್ಯಾಟರಿ ಸತ್ತಿದೆ ಕಣೋ" ಅಂದರು. ಆಮೇಲೆ ಈ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ನನ್ನ ಹಳೆ ಗೆಳೆಯನಿಗೆ ಫೋನ್ ಹಚ್ಚಿ, ಸಾಟಾ ಮೋಡ್ (ಬೋರ್ಡು ಡಿಸ್ಕಿನ ಜೊತೆ ಯಾವ ರೀತಿ ಮಾತಾಡಬೇಕು ಅನ್ನುವ ಸೆಟ್ಟಿಂಗ್) ಏನಿಟ್ಟಿದ್ದೆ ಅಂತ ಕೇಳಿದರು. ರೇಡ್ ಅಂದ. ಈಗ ಅಲ್ಲಿ ಎಎಚ್‌ಸಿಐ ಅನ್ನುವ ಬೇರೆ ಮೋಡ್ ಇತ್ತು.

ಆಗಿದ್ದು ಇಷ್ಟು. ಮದರ್‌ಬೋರ್ಡಿನ ಮೇಲೆ ಸಿಆರ್2032 ಅನ್ನುವ 3 ವೋಲ್ಟ್‌ನ ಗುಂಡಿ ಬ್ಯಾಟರಿ ಇರುತ್ತದೆ, ಭಾವ ಹೇಳಿದ ಸಿಮೋಸ್ ಬ್ಯಾಟರಿ ಇದೇ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಬಹಳಷ್ಟು ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗ್ ಕಾಯುವುದೂ ಅದೇ. ಗೋಡೆಯ ಸ್ವಿಚ್ ಆನ್ ಇರುವವರೆಗೆ ಪವರ್ ಸಪ್ಲೈನಿಂದ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿ ಸೊರಗಿದ್ದರೂ ಜಾಸ್ತಿ ಗೊತ್ತಾಗುವುದಿಲ್ಲ. ನಾವು ಸ್ವಿಚ್ ಆರಿಸಿ ಹೋದೆವು. ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದ ಸ್ಥಿತಿಗೆ ಮರಳಿದವು, ಅದರ ಜೊತೆ ಸಾಟಾ ಮೋಡ್ ಕೂಡ. ಕೆಲವು ಬೋರ್ಡು ಇಂಥ ಹೊತ್ತಿನಲ್ಲಿ 'ಸಿಮೋಸ್ ಎರರ್, ಎಫ್1 ಒತ್ತಿ' ಅಂತ ಹೇಳುತ್ತವೆ. ನಮ್ಮದು ತುಟಿಪಿಟಕ್ ಅನ್ನಲಿಲ್ಲ.

ಡಿಸ್ಕ್ ಸತ್ತಿದೆ ಅಂದಿದ್ದು ಎಷ್ಟು ಸುಳ್ಳು ಅನ್ನುವುದಕ್ಕೆ ನೀಲಿ ಪರದೆಯೇ ಸಾಕ್ಷಿ. ಆ ಪರದೆಯನ್ನು ತೋರಿಸುವುದು ವಿಂಡೋಸ್. ಅದು ಬಂದಿದ್ದು ಅದೇ ಡಿಸ್ಕಿನಿಂದ. ಆರಂಭದಲ್ಲಿ ಬಯೋಸ್ ತನ್ನದೇ ದಾರಿಯಲ್ಲಿ ಡಿಸ್ಕ್ ಓದಿ ವಿಂಡೋಸ್‌ನ ಮುಖ್ಯ ಭಾಗವನ್ನು ಮೆಮೊರಿಗೆ ತರಲು ನೆರವಾಗುತ್ತದೆ. ಆಮೇಲೆ ವಿಂಡೋಸ್ ತನ್ನ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್) ಮೂಲಕ ಡಿಸ್ಕನ್ನು ಹುಡುಕುತ್ತದೆ. ಮೋಡ್ ಬದಲಾಗಿದ್ದರೆ ಆ ಡ್ರೈವರ್‌ಗೆ ಡಿಸ್ಕ್ ಸಿಗುವುದಿಲ್ಲ. ಆಗ ಬರುವುದು ಈ ಎರರ್. ಬಯೋಸ್‌ನಲ್ಲಿ ಒಂದು ಸಾಲು ಬದಲಿಸಿ ಸೇವ್ ಮಾಡಿದ್ದರೆ ಮುಗಿಯುತ್ತಿತ್ತು. ಹಾಗಂತ ಈ ಎರರ್‌ಗೆ ಇದೊಂದೇ ಕಾರಣ ಅನ್ನಬೇಡಿ. ಡಿಸ್ಕ್ ಕೆಡುತ್ತಿದ್ದರೂ, ಅಪ್‌ಡೇಟ್ ಎಡವಟ್ಟಾದರೂ ಬರಬಹುದು. ಯಾವ ಕಾರಣಕ್ಕೇ ಬರಲಿ, ಮೊದಲು ಆಗಬೇಕಾದ್ದು ಡೇಟಾ ನಕಲು.

ವಿಂಡೋಸ್ 10 ನಿಂತಿದ್ದಕ್ಕೆ ಹೀಗಾಯಿತು ಅನ್ನುವುದಂತೂ ಶುದ್ಧ ಬೊಗಳೆ. 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ಮೈಕ್ರೋಸಾಫ್ಟ್‌ನ ಬೆಂಬಲ. ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತವು. ಆ ದಿನ ದಾಟಿತು ಅಂತ ಯಾವ ಕಂಪ್ಯೂಟರೂ ಆನ್ ಆಗುವುದನ್ನು ಬಿಡಲಿಲ್ಲ. ಈ ನೆಪ ಹೇಳಿದವರಿಗೆ ಯಂತ್ರ ಕೊಡಬೇಡಿ, ಇದು ನನ್ನ ಖಡಕ್ ಅಭಿಪ್ರಾಯ.

ರಿಪೇರಿಗೆ ಒಯ್ಯುವ ಮುಂಚೆ ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಅಂತ ನೀವೇ ನೋಡಿಟ್ಟುಕೊಳ್ಳಿ. ಬಟನ್ ಒತ್ತಿದರೆ ಫ್ಯಾನೂ ಇಲ್ಲ, ಲೈಟೂ ಇಲ್ಲ ಅಂದರೆ ಕರೆಂಟಿನ ದಾರಿ ನೋಡಬೇಕು: ಪ್ಲಗ್, ಕೇಬಲ್, ಪವರ್ ಸಪ್ಲೈ ಹಿಂದಿನ ಪುಟ್ಟ ಸ್ವಿಚ್. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಫ್ಯಾನ್ ತಿರುಗುತ್ತದೆ, ಲೋಗೋ ಕೂಡ ಬರುವುದಿಲ್ಲ ಅಂದರೆ ಮಾನಿಟರ್ ಕೇಬಲ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಕಡೆ ಅನುಮಾನ ಪಡಿ. ಈಚಿನ ಎಷ್ಟೋ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ಸಣ್ಣ ದೀಪಗಳಿರುತ್ತವೆ. ಯಾವುದು ಆರದೆ ಉರಿಯುತ್ತಲೇ ಇರುತ್ತದೋ ತೊಂದರೆ ಆ ಕಡೆ. ಬೀಪ್ ಸದ್ದು ಬಂದರೆ ಅದರ ಅರ್ಥ ಬೋರ್ಡಿನಿಂದ ಬೋರ್ಡಿಗೆ ಬೇರೆ, ಮ್ಯಾನುಯಲ್ ನೋಡಿ. ಈ ಹಂತದಲ್ಲಿ ವಿಂಡೋಸ್‌ನ ಸರದಿ ಇನ್ನೂ ಬಂದೇ ಇರುವುದಿಲ್ಲ. ಲೋಗೋನೂ ಬಾರದ ಯಂತ್ರಕ್ಕೆ "ವಿಂಡೋಸ್ ಕರಪ್ಟ್ ಆಗಿದೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಲೋಗೋ ದಾಟಿದ ಮೇಲೆ ನಿಂತರೆ ಎರರ್ ಪರದೆಯ ಫೋಟೋ ತೆಗೆದುಕೊಳ್ಳಿ. ಪರದೆಯಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎರರ್ ಸಂದೇಶದಲ್ಲಿ ನಂಬರ್ ಇರುವುದಿಲ್ಲ, ಅದು ಮೋಸದವರದ್ದು. ಬಯೋಸ್‌ಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತದಾ, ತಾರೀಕು ಸರಿ ಇದೆಯಾ ನೋಡಿ. ಲಿನಕ್ಸ್ ಹಾಕಿದ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಫೈಲ್ ನಕಲು ಮಾಡಿಕೊಳ್ಳಬಹುದು. ಇಲ್ಲವೇ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಬಯೋಸ್‌ನಲ್ಲಿ ಏನನ್ನಾದರೂ ಬದಲಿಸಿದರೂ ಅದು ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್ ಬಳಸಿದ್ದರೆ ಕೀ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಮೊದಲೇ ಹುಡುಕಿಡಿ.

ರಿಪೇರಿಯವರಿಗೆ ಕೊಡಲೇಬೇಕಾದರೆ ರಸೀದಿಯಲ್ಲೇ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ಬರೆಸಿ. ಬಾಯಿಮಾತು ಲೆಕ್ಕಕ್ಕೆ ಬರಲ್ಲ. ಆಗುತ್ತದೆ ಅಂದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದಿದ್ದನ್ನು ಮಾತ್ರ ಕೊಡಿ.

ಇನ್ನು ನಿಮ್ಮ ಕಂಪ್ಯೂಟರ್ ಈಗ ಚೆನ್ನಾಗಿದ್ದು, ಗಡಿಯಾರ ಮಾತ್ರ ಆಗಾಗ ಹಿಂದೆ ಹೋಗುತ್ತಿದ್ದರೆ ಬಯೋಸ್‌ನ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. ಸಾಟಾ ಮೋಡ್, ಬೂಟ್ ಮೋಡ್, ಬೂಟ್ ಆರ್ಡರ್ ಮೂರೂ ಬಂದಿರಲಿ. ಆಮೇಲೆ ಪ್ಲಗ್ ಕಿತ್ತು, ಆ ಬ್ಯಾಟರಿ ಬದಲಿಸಿ. ಪ್ಲಸ್ ಗುರುತು ಮೇಲೆ ಬರಬೇಕು. ಆನ್ ಮಾಡಿ ನೇರ ಬಯೋಸ್‌ಗೇ ಹೋಗಿ, ಫೋಟೋ ನೋಡಿಕೊಂಡು ಎಲ್ಲವನ್ನೂ ಮೊದಲಿನಂತೆ ಇಟ್ಟು ಸೇವ್ ಮಾಡಿ. ವಿಂಡೋಸ್ ತೆರೆಯುವುದು ಅದಾದ ಮೇಲೆ.