ನಮ್ಮೂರ ವಸತಿ ಬಸ್ಸಿಗೆ ಐದಕ್ಕೆ ಮೂರೂವರೆ

ಸಂಜೆ 7 ಗಂಟೆಗೆ ತಾಲೂಕು ಕೇಂದ್ರ ಬಿಟ್ಟು, ಎಂಟರ ಹೊತ್ತಿಗೆ ನಮ್ಮೂರ ಹನುಮಪ್ಪನ ಗುಡಿಯ ಮುಂದೆ ಬಂದು ನಿಲ್ಲುತ್ತದೆ. ರಾತ್ರಿ ಅಲ್ಲೇ ವಸತಿ, ಬೆಳಿಗ್ಗೆ 6.20ಕ್ಕೆ ವಾಪಸು. ಮಧ್ಯಾಹ್ನ ಇನ್ನೊಂದು ಸಲ ಬಂದು ಹೋಗುತ್ತದೆ. ದಾರಿ 19 ಕಿಲೋಮೀಟರ್. ಪಕ್ಕದೂರಿನ ಶಾಲೆಗೆ ವರ್ಷಗಟ್ಟಲೆ ಇದೇ ಬಸ್ಸಿನಲ್ಲಿ ಓಡಾಡಿ ನಿವೃತ್ತಳಾದವಳು ನಾನು. ಅಂಕ ಕೊಡುವ ಚಾಳಿ ಇನ್ನೂ ಹೋಗಿಲ್ಲ.

ಮೊದಲು ಒಳ್ಳೆಯದು. ಬೆಳಗಿನ ಬಸ್ಸು ಒಂದು ನಿಮಿಷವೂ ತಡಮಾಡುವುದಿಲ್ಲ. ಊರಲ್ಲೇ ಮಲಗಿದ ಬಸ್ಸಿಗೆ ತಡವಾಗಲು ಕಾರಣವಾದರೂ ಏನಿರುತ್ತದೆ? ಚಾಲಕ, ನಿರ್ವಾಹಕರಿಗೆ ರಾತ್ರಿಯ ರೊಟ್ಟಿ ಪಲ್ಯ ಊರವರದೇ, ಮನೆಗೊಂದು ಪಾಳಿ. ಆ ಋಣಕ್ಕೋ ಏನೋ, ಹಾಲಿನ ಕ್ಯಾನು ಹೊತ್ತು ಓಡಿ ಬರುವವರನ್ನು ಕಂಡರೆ ಚಾಲಕರು ಕಾಯುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಸಂತೆಗೆ ಗಂಡನ ಕೈಯಲ್ಲಿ ಚೀಟಿ ಬರೆದು ಕಳಿಸುತ್ತಿದ್ದವರು ಈಗ ತಾವೇ ಹೋಗಿ ಚೌಕಾಸಿ ಮಾಡಿ ಬರುತ್ತಾರೆ. ಸಂತೆಯ ದಿನ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೆ ನಾನು ಅಂಕ ಕಳೆಯುವುದಿಲ್ಲ.

ಕಳೆಯುವುದು ಬೇರೆ ಕಾರಣಕ್ಕೆ. ಮದುವೆಯ ದಿನಗಳಲ್ಲಿ ಬಸ್ಸುಗಳು ಒಪ್ಪಂದದ ಮೇಲೆ ಹೊರಟುಹೋಗುತ್ತವೆ, ಆಗ ಮೊದಲು ರದ್ದಾಗುವುದು ನಮ್ಮದು. ಅದನ್ನು ಯಾರಿಗೂ ಹೇಳುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಿಲ್ದಾಣದಲ್ಲಿ ಒಂಬತ್ತರ ತನಕ ಕೂತೆ. ಕೊನೆಗೆ ಕ್ರಾಸಿನ ತನಕ ಟಂಟಂ ಹಿಡಿದು, ಅಲ್ಲಿಂದ ಮೊಬೈಲ್ ಬೆಳಕಿನಲ್ಲಿ ಗೋವಿನಜೋಳದ ಹೊಲಗಳ ನಡುವೆ ನಾಲ್ಕು ಕಿಲೋಮೀಟರ್ ನಡೆದೆವು. ಮರುದಿನ ವಿಚಾರಿಸಿದರೆ ಸಿಕ್ಕ ಉತ್ತರ: "ನಿಮ್ಮದು ಸಣ್ಣ ಊರು, ಅಕ್ಕೋರೇ."

ಸಣ್ಣದೋ ದೊಡ್ಡದೋ ನನಗೆ ಗೊತ್ತಿದೆ, 2011ರ ಫೆಬ್ರುವರಿಯಲ್ಲಿ ಜನಗಣತಿಗೆಂದು ಮನೆಮನೆ ತಿರುಗಿ ಎಣಿಸಿದವಳೇ ನಾನು. 28ರ ರಾತ್ರಿ ಮನೆಯಿಲ್ಲದವರನ್ನು ಬರೆದುಕೊಳ್ಳಬೇಕಿತ್ತು. ಬ್ಯಾಟರಿ ಹಿಡಿದು ಗುಡಿಯ ಕಟ್ಟೆಗೆ ಹೋದರೆ ಸಿಕ್ಕವರು ಇದೇ ಬಸ್ಸಿನ ಇಬ್ಬರು, ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಬೇರೆ ಊರಲ್ಲಿ ಮನೆಯಿತ್ತು, ಹಾಗಾಗಿ ನಮ್ಮ ಲೆಕ್ಕಕ್ಕೆ ಸೇರಲಿಲ್ಲ.

ಜನಸಂಖ್ಯೆಯಿಂದ ಊರಿಗೆ ಉಪಕಾರವೂ ಆಗಿದೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಬಯಲಿನಲ್ಲಿ 500 ಜನರಿಗಿಂತ ಕಡಿಮೆಯಿಲ್ಲದ, ರಸ್ತೆಯಿಲ್ಲದ ಜನವಸತಿಗಳಿಗೆ ಡಾಂಬರು ತಂದಿತು. ನಮ್ಮೂರು ಆ ಗೆರೆ ದಾಟಿತ್ತು, ರಸ್ತೆ ಬಂತು, ಹಿಂದೆಯೇ ಬಸ್ಸೂ ಬಂತು. ಆದರೆ ಜನಗಣತಿಯ ಗ್ರಾಮ ಮಾಹಿತಿಯಲ್ಲಿ ಬಸ್ಸಿನ ಕಾಲಂ ನೋಡಿ: ಊರಿಗೆ ಬಸ್ಸು ಇದೆಯೇ, ಇಲ್ಲವೇ? ಇಲ್ಲದಿದ್ದರೆ 5 ಕಿಲೋಮೀಟರ್ ಒಳಗೆ, 5ರಿಂದ 10 ಅಥವಾ ಅದಕ್ಕೂ ಆಚೆ ಎಂದು ತುಂಬಬೇಕು. ಮದುವೆಯ ದಿನ ಬಾರದ ಬಸ್ಸೂ ಅಲ್ಲಿ "ಇದೆ"ಯೇ. ಮುಂದಿನ ಗಣತಿಯ ಎಣಿಕೆ 2027ರ ಮಾರ್ಚ್ 1ಕ್ಕೆ. ಅಲ್ಲಿಯವರೆಗೆ ಹಳೆಯ ಸಂಖ್ಯೆಯೇ ನಮ್ಮ ಅಳತೆ.

ಹೇಳದೆ ತಪ್ಪಿಸಿಕೊಂಡದ್ದಕ್ಕೆ ಒಂದು ಅಂಕ, ಹಿಂದಿನ ಸೀಟಿನ ಒಡೆದ ಕಿಟಕಿಗೆ ಅರ್ಧ ಕಳೆದಿದ್ದೇನೆ. ಮಳೆಗಾಲದಲ್ಲಿ ಅಲ್ಲಿ ಕೂರಬೇಡಿ. ಸಂಜೆ ಬರುವವರು ಹೊರಡುವ ಮುನ್ನ ಕ್ರಾಸಿನ ಚಹಾದಂಗಡಿಗೆ ಫೋನು ಮಾಡಿ ಕೇಳಿ. ಮಧ್ಯಾಹ್ನದ ಬಸ್ಸು ಬಂದಿತ್ತೇ ಇಲ್ಲವೇ ಎಂದು ಅವನು ಹೇಳುತ್ತಾನೆ. ಅದು ಬರದಿದ್ದರೆ ರಾತ್ರಿಯದೂ ಬರುವುದಿಲ್ಲ.